ಬೀಗ ಬಿದ್ದ ಮನೆ, ಪಟ್ಟಿಯಲ್ಲಿ ಉಳಿಯಬೇಕಾದ ಹೆಸರು

ಚುನಾವಣೆ ಘೋಷಣೆಯಾದ ಕೂಡಲೇ ರಾಯಚೂರು ಜಿಲ್ಲೆಯ ಊರೂರಲ್ಲಿ ಜಾಥಾ ಹೊರಡುತ್ತವೆ. ಶಾಲೆ ಮಕ್ಕಳು ಘೋಷಣೆ ಕೂಗುತ್ತಾರೆ, ಪಂಚಾಯ್ತಿ ಮುಂದೆ ರಂಗೋಲಿ ಬೀಳುತ್ತದೆ, ಮೇಣದಬತ್ತಿ ಹಿಡಿದು ಪ್ರತಿಜ್ಞೆ ಮಾಡುತ್ತಾರೆ. ಆಗಲಿ, ಒಳ್ಳೆಯದೇ. ಆದರೆ ದೇವದುರ್ಗ, ಲಿಂಗಸುಗೂರು, ಮಸ್ಕಿ ಸೀಮೆಯ ತಾಂಡಾ ಮತ್ತು ದೊಡ್ಡಿಗಳಲ್ಲಿ ಜನರ ವೋಟು ಕೈತಪ್ಪುವುದು ಮತದಾನದ ದಿನ ಅಲ್ಲ. ಎಷ್ಟೋ ತಿಂಗಳ ಹಿಂದೆಯೇ, ದುಡಿಯಲು ಊರು ಬಿಟ್ಟು ಗುಳೆ ಹೋದವರ ಮನೆಗೆ ಬೀಗ ಬಿದ್ದಿದ್ದ ಹೊತ್ತಿನಲ್ಲಿ ಅದು ತಪ್ಪಿಹೋಗಿರುತ್ತದೆ. ಮತದಾರರ ಜಾಗೃತಿ ಮಾಡುವ ಸ್ವಯಂಸೇವಕರು ತಮ್ಮ ದುಡಿಮೆಯ ಮುಕ್ಕಾಲು ಪಾಲನ್ನು ಆ ಬೀಗದ ಕಾಲಕ್ಕೆ ಎತ್ತಿಡಬೇಕು ಎಂಬುದು ಈ ಬರಹದ ಮಾತು.

ಇಲ್ಲಿಯ ಗುಳೆಗೆ ಅದರದೇ ಪಂಚಾಂಗವಿದೆ. ನೀರಾವರಿ ಇಲ್ಲದ ಊರುಗಳ ಮಂದಿ ದೀಪಾವಳಿ ಮುಗಿಯುತ್ತಿದ್ದಂತೆ ಗಂಟುಮೂಟೆ ಕಟ್ಟುತ್ತಾರೆ. ಬೆಂಗಳೂರಿನ ಕಟ್ಟಡ ಕೆಲಸ, ಗೋವಾ, ಪುಣೆ, ಮುಂಬೈ, ಕಬ್ಬು ಕಡಿಯುವ ಗ್ಯಾಂಗು; ಮೇಸ್ತ್ರಿ ಕೊಟ್ಟ ಮುಂಗಡ ತೀರುವ ತನಕ ಊರಿನ ಕಡೆ ಮುಖ ಮಾಡುವಂತಿಲ್ಲ. ಯುಗಾದಿಗೆ ಕೆಲವರು, ಊರ ಜಾತ್ರೆಗೆ ಕೆಲವರು, ಮುಂಗಾರು ಬಿದ್ದ ಮೇಲೆ ಉಳಿದವರು ಬರುತ್ತಾರೆ. ಕೊಪ್ಪಳದ ಯಲಬುರ್ಗಾ, ಕುಷ್ಟಗಿಯಲ್ಲೂ ಇದೇ ಲೆಕ್ಕ. ಇತ್ತ ಮತದಾರರ ಪಟ್ಟಿಯ ವಾರ್ಷಿಕ ಪರಿಷ್ಕರಣೆ ನಡೆಯುವುದು ಯಾವಾಗ? ಸಾಮಾನ್ಯವಾಗಿ ಅಕ್ಟೋಬರ್-ನವೆಂಬರ್ ಹೊತ್ತಿಗೆ ಕರಡು ಪಟ್ಟಿ ಹೊರಬೀಳುತ್ತದೆ, ಅಲ್ಲಿಂದ ಒಂದು ತಿಂಗಳು ಹಕ್ಕು ಮತ್ತು ಆಕ್ಷೇಪಣೆಗಳಿಗೆ ಅವಕಾಶ, ಜನವರಿಯಲ್ಲಿ ಅಂತಿಮ ಪಟ್ಟಿ. ಅಂದರೆ ಪಟ್ಟಿ ನೋಡಿ "ನನ್ನ ಹೆಸರು ಎಲ್ಲಿ?" ಎಂದು ಕೇಳಬೇಕಾದ ತಿಂಗಳಲ್ಲೇ ಕೇಳಬೇಕಾದವರು ಊರಲ್ಲಿ ಇರುವುದಿಲ್ಲ. ಯಾರೂ ಬೇಕೆಂದು ಹೀಗೆ ಮಾಡಿದ್ದಲ್ಲ. ಆದರೆ ಪರಿಣಾಮ ಮಾತ್ರ ಬೇಕೆಂದು ಮಾಡಿದಷ್ಟೇ ಕಠಿಣ.

ಬೀಗ ಬಿದ್ದ ಮನೆ ಮುಂದೆ ಏನಾಗುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು. ಪಟ್ಟಿ ಪರಿಶೀಲಿಸುವ ಬಿಎಲ್‌ಓ (ಮತಗಟ್ಟೆ ಮಟ್ಟದ ಅಧಿಕಾರಿ) ಅಂದರೆ ಹೆಚ್ಚಾಗಿ ಅಂಗನವಾಡಿ ಕಾರ್ಯಕರ್ತೆ ಅಥವಾ ಶಾಲೆ ಮೇಷ್ಟ್ರು. ತಮ್ಮ ಕೆಲಸ ಮುಗಿಸಿಕೊಂಡು, ಸಂಜೆಯ ಮುಂದೆ ಪಟ್ಟಿ ಹಿಡಿದು ಬರುತ್ತಾರೆ. ಮನೆಗೆ ಬೀಗ. ಪಕ್ಕದ ಕಟ್ಟೆಯ ಮೇಲೆ ಕುಂತವರನ್ನು ಕೇಳುತ್ತಾರೆ, "ಇವರು ಎಲ್ಲಿಗೆ ಹೋಗ್ಯಾರವ್ವಾ?" ಆಕೆ ಹೇಳುತ್ತಾಳೆ, "ಊರು ಬಿಟ್ಟಾರ್ರೀ, ಬೆಂಗಳೂರಿಗೆ ಹೋಗ್ಯಾರ." ಅಷ್ಟೇ. ಪಟ್ಟಿಯಲ್ಲಿ 'ಸ್ಥಳಾಂತರ' ಎಂಬ ಗುರುತು ಬೀಳುತ್ತದೆ. ಅದೇ ನೆರೆಯಾಕೆ "ದುಡಿಯಾಕ ಹೋಗ್ಯಾರ, ಉಗಾದಿಗೆ ಬರ್ತಾರ" ಅಂದಿದ್ದರೆ ಆ ಗುರುತಿಗೆ ಕಾರಣವೇ ಇರುತ್ತಿರಲಿಲ್ಲ. 1950ರ ಜನಪ್ರತಿನಿಧಿ ಕಾಯ್ದೆಯ 20ನೇ ಕಲಮು ನೇರವಾಗಿ ಹೇಳುತ್ತದೆ: ವಾಸದ ಊರಿನಿಂದ ತಾತ್ಕಾಲಿಕವಾಗಿ ಹೊರಗೆ ಹೋದವರು ಆ ಕಾರಣಕ್ಕೇ ಅಲ್ಲಿನ ಸಾಮಾನ್ಯ ನಿವಾಸಿ ಅಲ್ಲದವರಾಗುವುದಿಲ್ಲ. ಅದೇ ಕಲಮು ಇನ್ನೊಂದನ್ನೂ ಹೇಳುತ್ತದೆ: ಬರೀ ಮನೆ ಇದೆ ಎಂಬ ಒಂದೇ ಕಾರಣಕ್ಕೆ ಯಾರೂ ಆ ಊರಿನ ನಿವಾಸಿ ಎನಿಸಿಕೊಳ್ಳುವುದಿಲ್ಲ. ಗುಳೆ ಹೋದವರ ಹಕ್ಕು ಈ ಎರಡು ಮಾತುಗಳ ನಡುವೆ ನಿಂತಿದೆ. ಹಾಗಾಗಿ ಮನೆ ತೋರಿಸಿದರೆ ಸಾಲದು, ತಿರುಗಿ ಬರುವವರು ಎಂಬುದನ್ನು ತೋರಿಸಬೇಕು: ರೇಷನ್ ಕಾರ್ಡು ಇದೇ ಊರಿನದು, ಉದ್ಯೋಗ ಖಾತರಿಯ ಜಾಬ್ ಕಾರ್ಡು ಇದೇ ಪಂಚಾಯ್ತಿಯದು, ಮುದುಕರು ಇಲ್ಲೇ ಇದ್ದಾರೆ, ಮಕ್ಕಳ ದಾಖಲಾತಿ ಇದೇ ಶಾಲೆಯಲ್ಲಿದೆ.

ಆದ್ದರಿಂದ ಕೆಲಸ ಶುರುವಾಗಬೇಕಾದ್ದು ದಸರಾ ಹೊತ್ತಿಗೆ. ಓಣಿಗೆ ಇಬ್ಬರಂತೆ ಸ್ವಯಂಸೇವಕರು, ಒಂದು ದಪ್ಪ ನೋಟ್‌ಬುಕ್ಕು ಸಾಕು. ಹೊರಡುವ ಪ್ರತಿ ಮನೆಯಿಂದ ಬರೆದುಕೊಳ್ಳಬೇಕಾದ್ದು: ಮತದಾರರ ಪಟ್ಟಿಯ ಭಾಗ ಸಂಖ್ಯೆ, ಕ್ರಮ ಸಂಖ್ಯೆ, ಮತದಾರರ ಗುರುತಿನ ಚೀಟಿಯ ಮೇಲಿನ ಎಪಿಕ್ ಸಂಖ್ಯೆ, ಹೋಗುವ ಜಾಗ, ಹೊರಗಿದ್ದಾಗ ಹತ್ತುವ ಫೋನ್ ನಂಬರು, ಬರುವ ಅಂದಾಜು ತಿಂಗಳು, ಊರಲ್ಲಿ ಉಳಿಯುವ ಸಂಬಂಧಿಕರ ಹೆಸರು. ಮೇಸ್ತ್ರಿಯ ನಂಬರನ್ನೂ ಬಿಡಬಾರದು; ಗುಳೆ ಹೋದವರ ಸಿಮ್ ಬದಲಾಗುತ್ತದೆ, ಮೇಸ್ತ್ರಿಯದು ಬದಲಾಗುವುದು ಕಡಿಮೆ. ಒಂದು ಪ್ರತಿಯನ್ನು ಬಿಎಲ್‌ಓಗೆ ಕೊಟ್ಟು, ಕೊಟ್ಟದ್ದಕ್ಕೆ ಇನ್ನೊಂದರ ಮೇಲೆ ಸಹಿ ಹಾಕಿಸಿಕೊಳ್ಳಬೇಕು. ಜಗಳಕ್ಕಲ್ಲ. ಬಿಎಲ್‌ಓಗೂ ಇದು ಆಸರೆ. ನೂರಾರು ಮನೆ ತಿರುಗುವ ಅಂಗನವಾಡಿ ಕಾರ್ಯಕರ್ತೆಗೆ ಯಾರು ದುಡಿಯಲು ಹೋದವರು, ಯಾರು ಕಾಯಂ ಹೋದವರು ಎಂದು ಗೊತ್ತಾಗಲು ಬೇರೆ ದಾರಿ ಇಲ್ಲ. ಇಲ್ಲಿ ಬಿಎಲ್‌ಓವನ್ನು ಎದುರಾಳಿಯಂತೆ ಕಂಡ ಗುಂಪು ಒಂದೇ ಹಂಗಾಮಿನಲ್ಲಿ ಕೆಡುತ್ತದೆ. ನೋಟ್‌ಬುಕ್ಕು ಜೋಪಾನ, ಅದರಲ್ಲಿ ಜನರ ಫೋನ್ ನಂಬರುಗಳಿವೆ. ಯಾವ ಪಕ್ಷದವರ ಕೈಗೂ ಅದು ಸಿಗಬಾರದು, ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅದರ ಫೋಟೊ ಹಾಕಲೂಬಾರದು.

ಅರ್ಜಿಗಳ ವಿಷಯ. 2022ರ ಆಗಸ್ಟ್‌ನಿಂದ ಲೆಕ್ಕ ಸರಳವಾಗಿದೆ. ಹೊಸ ಹೆಸರಿಗೆ ನಮೂನೆ 6. ಹೆಸರು ತೆಗೆಸಲು ಅಥವಾ ಆಕ್ಷೇಪಿಸಲು ನಮೂನೆ 7. ವಿಳಾಸ ಬದಲು, ತಿದ್ದುಪಡಿ, ಹೊಸ ಚೀಟಿ, ಅಂಗವಿಕಲರ ಗುರುತು ಎಲ್ಲದಕ್ಕೂ ನಮೂನೆ 8. ಮೊದಲು ಜನವರಿ 1ಕ್ಕೆ 18 ತುಂಬಿರಬೇಕಿತ್ತು. ಈಗ ಏಪ್ರಿಲ್ 1, ಜುಲೈ 1, ಅಕ್ಟೋಬರ್ 1 ಕೂಡ ಅರ್ಹತಾ ದಿನಗಳು, 17 ತುಂಬಿದವರು ಮುಂಗಡವಾಗಿಯೇ ಅರ್ಜಿ ಹಾಕಬಹುದು. ಪಿಯುಸಿ ಬಿಟ್ಟು ಅಪ್ಪನ ಜೊತೆ ಕೆಲಸಕ್ಕೆ ಹೊರಡುವ ಹುಡುಗರಿಗೆ ಇದು ದೊಡ್ಡ ಅನುಕೂಲ, ಹೊರಡುವ ಮೊದಲೇ ಅರ್ಜಿ ಬಿದ್ದಿರುತ್ತದೆ. ಹೊಸಬರು ಎಡವುವ ಒಂದು ಜಾಗವಿದೆ: ಸ್ವಯಂಸೇವಕ ಐವತ್ತು ಅರ್ಜಿಗಳ ಕಂತೆ ಹೊತ್ತು ತಹಶೀಲ್ದಾರ್ ಕಚೇರಿಗೆ ಹೋದರೆ ತೆಗೆದುಕೊಳ್ಳುವುದಿಲ್ಲ. ಒಂದು ಮನೆಯವರ ಅರ್ಜಿಯನ್ನು ಆ ಮನೆಯ ಒಬ್ಬರು ಕೊಡಬಹುದು, ಅಷ್ಟೇ. ನಿಯಮ ಸರಿಯಾಗಿಯೇ ಇದೆ. ಕಂತೆ ಅರ್ಜಿಗೆ ಬಾಗಿಲು ತೆರೆದರೆ ಕಂತೆ ಕಂತೆ ಹೆಸರು ಕೀಳುವುದಕ್ಕೂ ತೆರೆದಂತೆ. ಕೂತು ತುಂಬಿಸಿ ಕೊಡಿ, ಸಲ್ಲಿಸುವವರು ಅವರೇ ಆಗಿರಲಿ.

ನಮೂನೆ 7ರ ಮೇಲೆ ಒಂದು ಕಣ್ಣು ಯಾವಾಗಲೂ ಇರಬೇಕು. ನಮ್ಮದೇ ಕಲ್ಯಾಣ ಕರ್ನಾಟಕದ ಆಳಂದದಲ್ಲಿ 2023ರ ವಿಧಾನಸಭೆ ಚುನಾವಣೆಗೆ ಮುನ್ನ ಹೆಸರು ತೆಗೆಯಲು ಆನ್‌ಲೈನ್‌ನಲ್ಲಿ 6,018 ಅರ್ಜಿ ಬಿದ್ದಿದ್ದವು. ಮನೆಗೆ ಹೋಗಿ ಪರಿಶೀಲಿಸಿದಾಗ ಅದರಲ್ಲಿ ಸರಿ ಇದ್ದದ್ದು 24 ಮಾತ್ರ. ಅಲ್ಲಿ ತಡೆಯಲು ಆದದ್ದು ಪರಿಶೀಲನೆ ನಡೆದದ್ದರಿಂದ. ಈಗ ಬೀಗ ಬಿದ್ದ ನಲವತ್ತು ಮನೆಗಳ ತಾಂಡಾದ ಮೇಲೆ ಅಂಥ ಅರ್ಜಿ ಬಿದ್ದರೆ ಪರಿಶೀಲನೆಗೆ ಬಂದವರಿಗೆ ಕಾಣುವುದು ಬೀಗವೇ. ಇದಕ್ಕೊಂದು ಮದ್ದಿದೆ, ಬಳಸುವವರು ಕಡಿಮೆ. ಬಂದ ಅರ್ಜಿಗಳ ಪಟ್ಟಿಯನ್ನು ಮತದಾರರ ನೋಂದಣಾಧಿಕಾರಿ ಪ್ರಕಟಿಸಲೇಬೇಕು: ಸೇರ್ಪಡೆಯದು ನಮೂನೆ 9, ತೆಗೆಯುವುದರದು ನಮೂನೆ 10, ತಿದ್ದುಪಡಿಯದು ನಮೂನೆ 11. ಕಚೇರಿಯ ಫಲಕದಲ್ಲೂ ಮುಖ್ಯ ಚುನಾವಣಾಧಿಕಾರಿಯ ಜಾಲತಾಣದಲ್ಲೂ ಇವು ಇರುತ್ತವೆ. ವಾರಕ್ಕೊಮ್ಮೆ ಯಾರಾದರೂ ಒಬ್ಬರು ನಮೂನೆ 10 ತೆಗೆದು ನೋಟ್‌ಬುಕ್ಕಿನ ಜೊತೆ ಹೋಲಿಸಬೇಕು. ಗುಳೆ ಹೋದವರ ಹೆಸರು ಅದರಲ್ಲಿ ಕಂಡರೆ ಅಂದೇ ಅವರಿಗೆ ಫೋನು, ಮರುದಿನ ಊರಿನ ಸಂಬಂಧಿಕರ ಮೂಲಕ ಲಿಖಿತ ಉತ್ತರ. ನೋಟಿಸು ಕೊಡದೆ, ಮಾತು ಕೇಳದೆ ಪಟ್ಟಿಯಲ್ಲಿರುವವರ ಹೆಸರು ತೆಗೆಯುವಂತಿಲ್ಲ ಎಂಬುದು 1995ರಲ್ಲಿ ಲಾಲ್ ಬಾಬು ಹುಸೇನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದ ಮಾತು. ಅಷ್ಟಾಗಿಯೂ ತೆಗೆದರೆ 15 ದಿನದೊಳಗೆ ಜಿಲ್ಲಾಧಿಕಾರಿಗೆ, ಅಲ್ಲಿ ಆಗದಿದ್ದರೆ 30 ದಿನದೊಳಗೆ ಮುಖ್ಯ ಚುನಾವಣಾಧಿಕಾರಿಗೆ ಮೇಲ್ಮನವಿ. ಸುಳ್ಳು ಘೋಷಣೆ ಬರೆದುಕೊಟ್ಟವರಿಗೆ 1950ರ ಕಾಯ್ದೆಯ 31ನೇ ಕಲಮಿನಡಿ ಒಂದು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ.

ಹೆಸರು ಅಳಿಯುವ ಇನ್ನೊಂದು ದಾರಿ ಸದ್ದಿಲ್ಲದ್ದು. ಒಂದೇ ತಾಂಡಾದಲ್ಲಿ 'ಮಲ್ಲಮ್ಮ ಗಂಡ ಹನುಮಂತ' ಐದು ಜನ ಇರಬಹುದು, ಕೊಪ್ಪಳದ ಕಡೆ 'ಹುಲಿಗೆಮ್ಮ ಗಂಡ ಯಮನಪ್ಪ' ಅಷ್ಟೇ ಜನ. ಸಾಫ್ಟ್‌ವೇರು ಹೆಸರು, ಸಂಬಂಧಿಕರ ಹೆಸರು, ವಯಸ್ಸು ಹೊಂದಿಸಿ ಇವರೆಲ್ಲ ಒಬ್ಬರೇ ಇರಬಹುದು ಎಂದು ಎತ್ತಿ ತೋರಿಸುತ್ತದೆ. ಮದುವೆಯಾಗಿ ಬಂದ ಹೆಣ್ಣುಮಗಳ ಹೆಸರು ತವರಿನಲ್ಲಿ ತಂದೆಯ ಹೆಸರಿನ ಜೊತೆ, ಗಂಡನ ಊರಲ್ಲಿ ಗಂಡನ ಹೆಸರಿನ ಜೊತೆ ಎರಡು ಕಡೆ ಕೂತಿರುತ್ತದೆ. ಆಕೆ ಮೋಸ ಮಾಡಿದ್ದಲ್ಲ, ನಮೂನೆ 8ರಲ್ಲಿ ವರ್ಗ ಮಾಡಿಸಬೇಕಾದ ಕಡೆ ಯಾರೋ ನಮೂನೆ 6 ತುಂಬಿಸಿದ್ದಾರೆ. ನಮೂನೆ 8ರಲ್ಲಿ ಹೋದರೆ ಹಳೆಯ ಕಡೆ ತಾನಾಗಿ ಹೆಸರು ಹೋಗುತ್ತದೆ, ಎಪಿಕ್ ಸಂಖ್ಯೆ ಅದೇ ಉಳಿಯುತ್ತದೆ. ಮನೆ ನಂಬರೇ ಇಲ್ಲದ ದೊಡ್ಡಿಗಳಲ್ಲಿ ಇಡೀ ಓಣಿಗೆ ಒಂದೇ ನಂಬರು ಬಿದ್ದಿರುತ್ತದೆ; ಪಂಚಾಯ್ತಿಯ ತೆರಿಗೆ ವಹಿಯ ನಂಬರು ಹಿಡಿದು ತಿದ್ದಿಸುವುದು ಬೇಸರದ ಕೆಲಸ, ಆದರೆ ಮಾಡಲೇಬೇಕಾದ್ದು.

ಗುಳೆ ಹೋದವರು ವೋಟನ್ನು ಬೆಂಗಳೂರಿಗೇ ಒಯ್ಯಬಾರದೇಕೆ ಎಂದು ಕೇಳುವವರಿದ್ದಾರೆ. ಬಾಡಿಗೆ ಮನೆ ಹಿಡಿದು, ಮಕ್ಕಳನ್ನು ಅಲ್ಲಿನ ಶಾಲೆಗೆ ಹಾಕಿ, ವರ್ಷಗಟ್ಟಲೆ ಒಂದೇ ಬಡಾವಣೆಯಲ್ಲಿರುವವರು ಒಯ್ಯುವುದೇ ಸರಿ. ಕಟ್ಟಡದಿಂದ ಕಟ್ಟಡಕ್ಕೆ ತಗಡಿನ ಶೆಡ್ಡು ಬದಲಿಸುವವರಿಗೆ ಅದು ಆಗದ ಮಾತು. ಮನೆ ಇಲ್ಲದವರಿಗೆ ವಿಳಾಸದ ದಾಖಲೆ ಕೇಳಬಾರದು, ಬಿಎಲ್‌ಓ ಒಂದಕ್ಕಿಂತ ಹೆಚ್ಚು ರಾತ್ರಿ ಹೋಗಿ ಅವರು ಅಲ್ಲೇ ಮಲಗುತ್ತಾರೆಯೇ ಎಂದು ನೋಡಿ ಸೇರಿಸಬೇಕು ಎಂಬ ನಿಯಮ ಇದ್ದೇ ಇದೆ. ಆದರೆ ಸೇರಿಸುವ ಹೊತ್ತಿಗೆ ಆ ಕಟ್ಟಡವೇ ಮುಗಿದಿರುತ್ತದೆ. ಇದಕ್ಕಿಂತ ದೊಡ್ಡ ಕಾರಣ ಬೇರೆಯೇ ಇದೆ. ಗ್ರಾಮ ಪಂಚಾಯ್ತಿಯ ಪಟ್ಟಿ ತಯಾರಾಗುವುದು ವಿಧಾನಸಭೆಯ ಪಟ್ಟಿಯಿಂದಲೇ. ಇಲ್ಲಿ ಹೆಸರು ಹೋಯಿತೆಂದರೆ ಮನೆ, ಕುಡಿಯುವ ನೀರು, ಉದ್ಯೋಗ ಖಾತರಿ ಕೆಲಸ ಯಾರಿಗೆ ಎಂದು ನಿರ್ಧರಿಸುವ ಪಂಚಾಯ್ತಿಯಲ್ಲೂ ಆ ಮನೆಯ ಮಾತು ಹೋಯಿತು. ದುಡಿಯಲು ಹೊರಗೆ ಹೋಗುವಂತೆ ಮಾಡಿದ ಊರನ್ನೇ ಸರಿಪಡಿಸುವ ಅಧಿಕಾರ ಕೈಬಿಡುವುದು ತಪ್ಪು ಎಂಬುದು ನಮ್ಮ ಗಟ್ಟಿ ಅಭಿಪ್ರಾಯ.

ಎಲ್ಲಿದ್ದಾರೋ ಅಲ್ಲಿಂದಲೇ ವೋಟು ಹಾಕುವ ಯಂತ್ರದ ಮಾತು ಒಮ್ಮೆ ಬಂದಿತ್ತು. 72 ಕ್ಷೇತ್ರಗಳನ್ನು ಒಂದೇ ಮತಗಟ್ಟೆಯಿಂದ ನಿಭಾಯಿಸುವ ಮಾದರಿಯನ್ನು ಚುನಾವಣಾ ಆಯೋಗ 2022ರ ಡಿಸೆಂಬರ್‌ನಲ್ಲಿ ಪ್ರಕಟಿಸಿ, 2023ರ ಜನವರಿ 16ರಂದು ಪಕ್ಷಗಳನ್ನು ಕರೆಯಿತು. ಒಮ್ಮತ ಬರಲಿಲ್ಲ. ಹಾಗಾಗಿ ಸದ್ಯಕ್ಕೆ ಬಸ್ಸು ಹತ್ತಿ ಬರುವುದೊಂದೇ ದಾರಿ.

ಬರುವುದಕ್ಕೆ ರಜೆ ಬೇಕು. 1951ರ ಜನಪ್ರತಿನಿಧಿ ಕಾಯ್ದೆಯ 135ಬಿ ಕಲಮಿನ ಪ್ರಕಾರ ಮತದಾನದ ದಿನ ಸಂಬಳ ಸಹಿತ ರಜೆ ದಿನಗೂಲಿಯವರಿಗೂ ಉಂಟು. ಸಿಕ್ಕು ಎಲ್ಲಿ ಬೀಳುತ್ತದೆ ಎಂಬುದಕ್ಕೆ 2024ರ ಲೋಕಸಭೆ ಚುನಾವಣೆ ನೋಡಿ: ಬೆಂಗಳೂರಿಗೆ ಏಪ್ರಿಲ್ 26, ರಾಯಚೂರು, ಕೊಪ್ಪಳ, ಬಳ್ಳಾರಿಗೆ ಮೇ 7. ಬೆಂಗಳೂರಿನ ಗುತ್ತಿಗೆದಾರರಿಗೆ ರಜೆ ಅಂದರೆ ಏಪ್ರಿಲ್ 26. ಮೇ 7ಕ್ಕೆ ರಜೆ ಕೇಳಿದರೆ "ಕೊಟ್ಟಾಯ್ತಲ್ಲ" ಎಂಬ ಉತ್ತರ. ಕೆಲಸಗಾರರಿಗೆ ವೋಟು ಯಾವ ದಿನವೋ ರಜೆಯೂ ಆ ದಿನದ್ದೇ. ಕೊಡದ ಮಾಲೀಕರಿಗೆ ದಂಡ 500 ರೂಪಾಯಿ ಮೀರುವುದಿಲ್ಲ, ಅದಕ್ಕೆ ಯಾರೂ ಹೆದರುವುದಿಲ್ಲ. ಹಾಗಾಗಿ ದೂರಿಗಿಂತ ಮೊದಲೇ ಬರೆದ ಪತ್ರ ಕೆಲಸ ಮಾಡುತ್ತದೆ: ಹತ್ತು ಹದಿನೈದು ದಿನ ಮುಂಚೆ, ಕಾರ್ಮಿಕರ ಹೆಸರು, ಎಪಿಕ್ ಸಂಖ್ಯೆ, ಕ್ಷೇತ್ರ, ಮತದಾನದ ತಾರೀಕು ಬರೆದು ಗುತ್ತಿಗೆದಾರರಿಗೆ ಒಂದು, ಕಾರ್ಮಿಕ ಇಲಾಖೆಗೆ ಒಂದು ಪ್ರತಿ. ಕಾನೂನು ಕೊಡುವುದು ಒಂದು ದಿನ, ಹೋಗಿ ಬರಲು ಎರಡು ರಾತ್ರಿ ಬೇಕು. ಆ ಕೂಲಿ ನಷ್ಟ ಅವರದೇ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ರಾಜ್ಯದೊಳಗೆ ಓಡುವ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಪ್ರಯಾಣ ಉಚಿತ. ಗೋವಾ, ಪುಣೆಯಿಂದ ಬರುವವರಿಗೆ ಆ ಅನುಕೂಲ ಗಡಿ ದಾಟಿ ರಾಜ್ಯದೊಳಗಿನ ಬಸ್ಸು ಹತ್ತಿದ ಮೇಲಷ್ಟೇ. ಅಭ್ಯರ್ಥಿ ಕಡೆಯವರು ಕಳಿಸುವ ಪುಕ್ಕಟೆ ಬಸ್ಸು ಅದೇ 1951ರ ಕಾಯ್ದೆಯ 123ನೇ ಕಲಮಿನಡಿ ಭ್ರಷ್ಟ ಆಚರಣೆ. ಸ್ವಯಂಸೇವಕರು ಅದರ ಹತ್ತಿರವೂ ಸುಳಿಯಬಾರದು.

ಮತಗಟ್ಟೆಯಲ್ಲಿ ತಿಳಿದಿರಬೇಕಾದ್ದು ನಾಲ್ಕು ಸಂಗತಿ. ಗುರುತಿನ ಚೀಟಿ ಇದ್ದು ಪಟ್ಟಿಯಲ್ಲಿ ಹೆಸರು ಇಲ್ಲದಿದ್ದರೆ ವೋಟಿಲ್ಲ. ಪಟ್ಟಿಯಲ್ಲಿ ಹೆಸರಿದ್ದು ಚೀಟಿ ಇಲ್ಲದಿದ್ದರೆ ಆಧಾರ್, ಜಾಬ್ ಕಾರ್ಡ್, ಫೋಟೊ ಇರುವ ಬ್ಯಾಂಕ್ ಪಾಸ್‌ಬುಕ್ ಮುಂತಾದವು ನಡೆಯುತ್ತವೆ. ಮೂರನೆಯದು ಗುಳೆಯವರದೇ ಸಮಸ್ಯೆ: ಗೈರು, ಸ್ಥಳಾಂತರ, ಮರಣ ಎಂದು ಗುರುತು ಹಾಕಿದವರ ಎಎಸ್‌ಡಿ ಪಟ್ಟಿ ಮತಗಟ್ಟೆ ಅಧಿಕಾರಿಯ ಕೈಯಲ್ಲಿರುತ್ತದೆ. ಅದರಲ್ಲಿ ಹೆಸರು ಕಂಡೊಡನೆ ಕೆಲವರು ತಿರುಗಿ ಬಂದುಬಿಡುತ್ತಾರೆ. ಬರಬಾರದು. ಆ ಪಟ್ಟಿಯಲ್ಲಿದ್ದವರು ಗುರುತಿನ ದಾಖಲೆ ತೋರಿಸಿದರೆ, ಅಧಿಕಾರಿ ಪರಿಶೀಲಿಸಿ ವೋಟು ಹಾಕಲು ಬಿಡಲೇಬೇಕು. ನಾಲ್ಕನೆಯದು, "ನಿಮ್ಮ ವೋಟು ಆಗಲೇ ಬಿದ್ದಿದೆ" ಅಂದರೆ ಟೆಂಡರ್ಡ್ ಮತಪತ್ರ ಕೇಳಿ. ಅದು ಸಾಮಾನ್ಯ ಎಣಿಕೆಗೆ ಬರುವುದಿಲ್ಲ, ಆದರೆ ಕಳ್ಳವೋಟಿಗೆ ಅದೊಂದೇ ಕಾಗದದ ಸಾಕ್ಷಿ.

ನಮ್ಮವರು ಹೊರಗೆ ಹೋದ ಹಾಗೆ ಹೊರಗಿನವರು ನಮ್ಮಲ್ಲಿಗೂ ಬಂದಿದ್ದಾರೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಗಿಣಿಗೇರಾ ಸುತ್ತಲಿನ ಕಬ್ಬಿಣದ ಘಟಕಗಳು, ಗಂಗಾವತಿ, ಸಿಂಧನೂರಿನ ರೈಸ್‌ಮಿಲ್‌ಗಳಲ್ಲಿ ಬಿಹಾರ, ಒಡಿಶಾದವರು ದುಡಿಯುತ್ತಾರೆ. ಅವರ ಮನೆಗೂ ಅಲ್ಲಿ ಬೀಗ ಬಿದ್ದಿದೆ. 2025ರ ಆಗಸ್ಟ್ 1ರಂದು ವಿಶೇಷ ತೀವ್ರ ಪರಿಷ್ಕರಣೆಯ (ಎಸ್‌ಐಆರ್) ಭಾಗವಾಗಿ ಬಿಹಾರದ ಕರಡು ಪಟ್ಟಿ ಬಂದಾಗ ಸುಮಾರು 65 ಲಕ್ಷ ಹೆಸರು ಬಿಟ್ಟುಹೋಗಿದ್ದವು, ಅದರಲ್ಲಿ ಸುಮಾರು 36 ಲಕ್ಷಕ್ಕೆ ಕೊಟ್ಟ ಕಾರಣ 'ಕಾಯಂ ಸ್ಥಳಾಂತರ ಅಥವಾ ಸಿಗಲಿಲ್ಲ'. ಬಿಟ್ಟವರ ಹೆಸರುಗಳನ್ನು ಕಾರಣ ಸಹಿತ ಪ್ರಕಟಿಸಲು ಸುಪ್ರೀಂ ಕೋರ್ಟ್ ಆಗಸ್ಟ್ 14ರಂದು ಹೇಳಿತು, ಗುರುತಿಗೆ ಆಧಾರ್ ಒಪ್ಪಬೇಕೆಂದು ಸೆಪ್ಟೆಂಬರ್ 8ರಂದು ಹೇಳಿತು, ಆಧಾರ್ ಪೌರತ್ವದ ಪುರಾವೆಯಲ್ಲ ಎಂಬುದನ್ನೂ ಸ್ಪಷ್ಟಪಡಿಸಿತು. ರೈಸ್‌ಮಿಲ್ ಹಮಾಲರಿಗೆ ನಾವು ಮಾಡಬಹುದಾದ್ದು ಚಿಕ್ಕದು, ಆದರೆ ಬೇಕಾದ್ದು: ಆಯೋಗದ ಜಾಲತಾಣದಲ್ಲಿ ಎಪಿಕ್ ಸಂಖ್ಯೆ ಹಾಕಿ ಅವರ ಹೆಸರು ಊರಲ್ಲಿ ಇದೆಯೇ ಎಂದು ನೋಡಿಕೊಡುವುದು, ಇಲ್ಲದಿದ್ದರೆ ಊರಿನ ಬಿಎಲ್‌ಓ ನಂಬರು ಹುಡುಕಿಕೊಡುವುದು. ಕುಟುಂಬ ಸಮೇತ ಇಲ್ಲೇ ನೆಲೆ ನಿಂತವರಿಗೆ ನಮೂನೆ 8. ಇಲ್ಲಿ ಒಂದು ಅಂತರ ಗಮನಿಸಿ: ಬಿಹಾರದವರು ಇಲ್ಲಿಗೆ ಬಂದರೆ ಅಂತರರಾಜ್ಯ ವಲಸೆ ಕಾರ್ಮಿಕರು. ಅಂಥವರಿಗಾಗಿ ಇದ್ದ 1979ರ ಕಾಯ್ದೆಯ ಜಾಗಕ್ಕೆ ಬಂದ 2020ರ ಕಾರ್ಮಿಕ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಾಗಿದ್ದು, ಅದರಲ್ಲಿ ಊರಿಗೆ ಹೋಗಿ ಬರುವ ಭತ್ಯೆಯಂಥ ಅಂಶಗಳಿವೆ. ದೇವದುರ್ಗದವರು ಬೆಂಗಳೂರಿಗೆ ಹೋದರೆ ಆ ಲೆಕ್ಕಕ್ಕೇ ಬರುವುದಿಲ್ಲ, ರಾಜ್ಯದ ಗಡಿ ದಾಟಿಲ್ಲವಲ್ಲ. ಅವರಿಗಿರುವುದು ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದವರಿಗೆ ಸಿಗುವ ಕಲ್ಯಾಣ ಮಂಡಳಿಯ ಕಾರ್ಡು. ಅದನ್ನಾದರೂ ಬಿಡಬಾರದು.

ಇನ್ನು ಸಿಂಧನೂರು. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಆಂಧ್ರದ ರೈತರು ಬಂದು ಕಟ್ಟಿದ ಕ್ಯಾಂಪುಗಳ ನಾಡು ಇದು. ಅವರ ವೋಟನ್ನು ಇಂದು ಯಾರೂ ಪ್ರಶ್ನಿಸುವುದಿಲ್ಲ. 1970ರ ದಶಕದಲ್ಲಿ ಇದೇ ಸೀಮೆಯಲ್ಲಿ ಪೂರ್ವ ಬಂಗಾಳದ ನಿರಾಶ್ರಿತರಿಗೂ ಪುನರ್ವಸತಿ ಕ್ಯಾಂಪುಗಳಾದವು, ಊರವರ ಬಾಯಲ್ಲಿ ಆರ್‌ಎಚ್ ಕ್ಯಾಂಪ್. ಇಲ್ಲಿ ಮತದಾರರ ಶಿಕ್ಷಣ ಮಾಡುವವರು ಮೊದಲು ಪೌರತ್ವ ಕಾಯ್ದೆಯ ಮೂರು ತಾರೀಕು ಬಾಯಿಪಾಠ ಮಾಡಬೇಕು. ಭಾರತದಲ್ಲಿ 1950ರ ಜನವರಿ 26ರಿಂದ 1987ರ ಜುಲೈ 1ಕ್ಕೆ ಮುಂಚೆ ಹುಟ್ಟಿದವರು, ತಂದೆತಾಯಿ ಯಾರೇ ಇರಲಿ, ಹುಟ್ಟಿನಿಂದ ಭಾರತೀಯರು. ಅಲ್ಲಿಂದ 2004ರ ಡಿಸೆಂಬರ್ 3ಕ್ಕೆ ಮುಂಚೆ ಹುಟ್ಟಿದವರಿಗೆ ತಂದೆತಾಯಿಯಲ್ಲಿ ಒಬ್ಬರು ಭಾರತೀಯರಾಗಿರಬೇಕು. ಆಮೇಲೆ ಹುಟ್ಟಿದವರಿಗೆ ಇಬ್ಬರೂ ಭಾರತೀಯರಾಗಿರಬೇಕು, ಇಲ್ಲವೇ ಒಬ್ಬರು ಭಾರತೀಯರಾಗಿ ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು. ಒಂದೇ ಮನೆಯಲ್ಲಿ 1985ರಲ್ಲಿ ಹುಟ್ಟಿದ ಅಕ್ಕನಿಗೂ 1990ರಲ್ಲಿ ಹುಟ್ಟಿದ ತಮ್ಮನಿಗೂ ಬೇಕಾದ ಕಾಗದ ಬೇರೆ ಬೇರೆ.

2019ರ ಪೌರತ್ವ ತಿದ್ದುಪಡಿ ಕಾಯ್ದೆಗೆ ನಿಯಮಗಳು ಬಂದದ್ದು 2024ರ ಮಾರ್ಚ್ 11ರಂದು. 2014ರ ಡಿಸೆಂಬರ್ 31ರೊಳಗೆ ಬಾಂಗ್ಲಾದೇಶ, ಪಾಕಿಸ್ತಾನ, ಅಫ್ಘಾನಿಸ್ತಾನದಿಂದ ಬಂದ ಹಿಂದೂ, ಸಿಖ್, ಬೌದ್ಧ, ಜೈನ, ಪಾರ್ಸಿ, ಕ್ರೈಸ್ತರು ಅರ್ಜಿ ಹಾಕಬಹುದು. ಮುಸ್ಲಿಮರಿಗೆ ಅವಕಾಶವಿಲ್ಲ, ಈ ವಿಂಗಡಣೆ ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿನಲ್ಲಿವೆ. ಅರ್ಜಿ ಆನ್‌ಲೈನ್, ಜಿಲ್ಲಾ ಸಮಿತಿಯ ಮುಖ್ಯಸ್ಥರು ಅಂಚೆ ಇಲಾಖೆಯ ಅಧೀಕ್ಷಕರು. ಬಹಳ ಎಚ್ಚರ ಬೇಕಾದ ಜಾಗ ಇದು: ಈ ಅರ್ಜಿ ತುಂಬುವುದೆಂದರೆ ತಾವು ಈವರೆಗೆ ಭಾರತೀಯರಲ್ಲ ಎಂದು ಸಹಿ ಮಾಡಿಕೊಟ್ಟಂತೆ. ಕ್ಯಾಂಪಿನಲ್ಲೇ ಹುಟ್ಟಿ ಆಗಲೇ ಪೌರರಾಗಿರುವವರಿಂದ, "ಒಂದು ಹಾಕಿಟ್ಟಿರಲಿ" ಎಂದು ಇದನ್ನು ತುಂಬಿಸುವುದು ಅವರಿಗೆ ಮಾಡುವ ದೊಡ್ಡ ಅಪಚಾರ. ಪ್ರತಿಯೊಬ್ಬರ ಕಾಗದವನ್ನೂ ವಕೀಲರಿಗೆ ತೋರಿಸಿಯೇ ಮುಂದುವರಿಯಬೇಕು. ಹಾಗೆಯೇ ಪೌರರಲ್ಲದವರಿಗೆ ದಯೆಯಿಂದಲೂ ನಮೂನೆ 6 ತುಂಬಿಸಬಾರದು; ಸುಳ್ಳು ಘೋಷಣೆಯ ಶಿಕ್ಷೆ ಬೀಳುವುದು ಸಹಿ ಮಾಡಿದವರ ಮೇಲೆ. ವೋಟಿಲ್ಲದಿದ್ದರೂ ಸಂವಿಧಾನದ 14 ಮತ್ತು 21ನೇ ವಿಧಿಯ ರಕ್ಷಣೆ ಅವರಿಗಿದೆ, ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಶಾಲೆ ಇದೆ, ಮಾಡಿದ ಕೆಲಸಕ್ಕೆ ಕೂಲಿ ಇದೆ.

ಕ್ಯಾಂಪಿನ ಹುಡುಗರೂ ಗುಳೆ ಹೋಗುತ್ತಾರೆ. ಕನ್ನಡ ಶಾಲೆಯಲ್ಲಿ ಓದಿದವರಾದರೂ ಮನೆಮಾತು ಬಂಗಾಳಿ; ದೊಡ್ಡ ಊರಿನಲ್ಲಿ ಆ ಮಾತು ಕಿವಿಗೆ ಬಿದ್ದರೆ ಅನುಮಾನದ ಪ್ರಶ್ನೆ ಏಳುತ್ತದೆ. ಅವರು ಹೊರಡುವ ಮೊದಲು ನೋಟ್‌ಬುಕ್ಕಿನ ಜೊತೆ ಇನ್ನೊಂದು ಕೆಲಸ ಸೇರಿಸಿಕೊಳ್ಳಬೇಕು. ಜನನ ಪ್ರಮಾಣಪತ್ರ, ಅದಿಲ್ಲದಿದ್ದರೆ ಶಾಲೆಯ ದಾಖಲಾತಿ ಪುಸ್ತಕದ ದೃಢೀಕೃತ ನಕಲು, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ತಂದೆತಾಯಿಯ ಪುನರ್ವಸತಿ ಕಾಗದ ಮತ್ತು ಭೂಮಿಯ ಪಟ್ಟಾ, ಇವುಗಳ ನಕಲು ಮೂರು ಕಟ್ಟು: ಒಂದು ಅವರ ಚೀಲದಲ್ಲಿ, ಒಂದು ಮನೆಯಲ್ಲಿ, ಒಂದು ತಂಡದ ಹತ್ತಿರ. ಮೂಲ ಪ್ರತಿ ಊರು ಬಿಟ್ಟು ಹೋಗಬಾರದು. ಬಂಧಿಸಿದರೆ, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು ಎಂಬುದು 22ನೇ ವಿಧಿ. ಉಚಿತ ಕಾನೂನು ನೆರವಿನ ನಂಬರು 15100. ಆ ನಂಬರನ್ನು ಫೋನಿನಲ್ಲಷ್ಟೇ ಉಳಿಸಿದರೆ ಸಾಲದು, ಠಾಣೆಯಲ್ಲಿ ಮೊದಲು ತೆಗೆದಿಡುವುದು ಫೋನನ್ನೇ. ಚೀಲದ ಕಟ್ಟಿನ ಮೇಲ್ಹಾಳೆಯಲ್ಲಿ ದಪ್ಪಕ್ಷರದಲ್ಲಿ ಬರೆದಿರಬೇಕು, ಅದರ ಕೆಳಗೆ ತಂಡದಲ್ಲಿ ರಾತ್ರಿ ಫೋನ್ ಎತ್ತುವವರ ನಂಬರು.